ಗೋಡೆಗೆ ಒರಗಿದ ಅರ್ಧ ಮೇಜು

ಗ್ಯಾರೇಜಿನಲ್ಲಿ ಸ್ಕ್ರೂಗಳ ಡಬ್ಬಿ ಹುಡುಕುತ್ತಿದ್ದಾಗ ಕೈಗೆ ತಣ್ಣಗಿನ ಲೋಹ ತಗುಲಿತು. ಹಿತ್ತಾಳೆಯ ಕೊಂಡಿ. ಎರಡು ಕಾಲುಗಳು ಒಂದೇ ಕಡೆಗೆ ಬಾಗಿದ, ಬೆರಳಷ್ಟು ದಪ್ಪದ, ಅಂಗೈ ತುಂಬುವ ಕೊಂಡಿ. ಅದರ ಜೊತೆಗೆ ಅದರಂಥದೇ ಇನ್ನೊಂದು. ಮೂಗಿನ ಹತ್ತಿರ ಹಿಡಿದೆ. ಜೇನುಮೇಣದ ವಾಸನೆ, ಅದರಡಿಯಲ್ಲಿ ಆಗಷ್ಟೇ ಆರಿಸಿದ ತುಪ್ಪದ ಬತ್ತಿಯ ವಾಸನೆ... ಇಷ್ಟು ವರ್ಷಗಳ ಮೇಲೆ ಹಿತ್ತಾಳೆಯ ತುಂಡಿನಲ್ಲಿ ತುಪ್ಪದ ವಾಸನೆ ಉಳಿದಿರುವುದಿಲ್ಲ. ಅದು ನನ್ನ ಮೂಗು ಹೆಣೆದ ಕಥೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ವಾಸನೆಯನ್ನು ನಂಬಬೇಡಿ. ಕೊಂಡಿಗಳನ್ನು ನಂಬಬಹುದು. ಒಂದು ಈಗಲೂ ನನ್ನ ಮುಂದೆ ಇದೆ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ವರ್ಷಗಳಾಗಿದ್ದವು. ನಾನು ವೆಲಿಂಗ್ಟನ್ನಿನಲ್ಲಿ ಓದುತ್ತಿದ್ದೆ. ಬಾಡಿಗೆ ಕಡಿಮೆಯೆಂದು ಅಪ್ಪರ್ ಹಟ್‌ನಲ್ಲಿ, ಮೈಸೂರಿನ ದಂಪತಿಯ ಮನೆಯ ಹಿತ್ತಲಲ್ಲಿದ್ದ ಒಂಟಿ ಕೋಣೆಯಲ್ಲಿ ಇದ್ದೆ. ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಅವರ ಮಗ ಮಗಳು ಇಬ್ಬರೂ ಆಕ್ಲೆಂಡಿನಲ್ಲಿ ಓದುತ್ತಿದ್ದರು. ಮನೆಯಲ್ಲಿ ಇದ್ದವರು ಆಂಟಿ ಮತ್ತು ಅಂಕಲ್ ಮಾತ್ರ. ಆಂಟಿಗೆ ಒಂದು ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ನನ್ನ ನೆನಪಿನಲ್ಲಿ ಅವರು ಎತ್ತರದ, ಬಾಗಿಲು ತುಂಬಿ ನಿಲ್ಲುವ ಹೆಂಗಸು. ನನ್ನಲ್ಲಿರುವ ಒಂದೇ ಫೋಟೋದಲ್ಲಿ ಅವರು ನನ್ನ ಭುಜಕ್ಕೂ ಬರುವುದಿಲ್ಲ. ಫೋಟೋ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಆದರೂ ಬರೆಯುವಾಗ ನನಗೆ ಕಾಣುವುದು ಆ ಎತ್ತರದ ಆಂಟಿಯೇ.

ಅವರ ಮನೆಯ ಹಾಲಿನಲ್ಲಿ ದೇವರು ಕೂತಿದ್ದದ್ದು ಒಂದು ಅರ್ಧಚಂದ್ರಾಕಾರದ ಮೇಜಿನ ಮೇಲೆ. ನೇರ ಅಂಚು ಗೋಡೆಗೆ ಒರಗಿತ್ತು, ದುಂಡು ಅಂಚು ನಮ್ಮ ಕಡೆಗಿತ್ತು. ಮಹಾಗನಿ ಮರದ್ದು. ಮುಂದಿನ ಪಟ್ಟಿಯ ಮೇಲೆ ತಿಳಿ ಹಳದಿ ಮರದ ಎಳೆಗಳನ್ನು ಕೂರಿಸಿ ಕುಸುರಿ ಮಾಡಿದ್ದರು. ನಡುವೆ ಒಂದು ಕಲಶ, ಅದರ ಎರಡೂ ಬದಿಗೆ ಇಳಿಬಿಟ್ಟ ಹೂಮಾಲೆ. ಕಾಲುಗಳು ನೆಟ್ಟಗೆ, ಕೆಳಗಿಳಿದಂತೆ ಸಣ್ಣಗಾಗುತ್ತಾ ಹೋಗಿದ್ದವು. ಪ್ರತಿ ಕಾಲಿನ ಮೇಲೂ ಎಲೆಯ ಕೆಳಗೊಂದು ಎಲೆ. ಆಂಟಿ ಅದನ್ನು ಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಕಂಡಿದ್ದರಂತೆ. ಬೀಟೆ ಮರದ ಕುಸುರಿಯನ್ನು ನೋಡುತ್ತಲೇ ಬೆಳೆದ ಮೈಸೂರಿನವರು. ಕಲಶ, ತೋರಣ ಎರಡೂ ಇರುವ ಮೇಜು ಈ ದೇಶದಲ್ಲಿ ತಮಗಾಗಿಯೇ ಕಾದಿತ್ತು ಎಂದುಕೊಂಡರು. "ಬಟ್ಟೆ ಬುಟ್ಟಿ ತರ್ತೀನಿ ಅಂತ ಹೋದೋಳು ಮಂಟಪ ತಂದ್ಲು," ಎಂದು ಅಂಕಲ್ ಬಂದವರಿಗೆಲ್ಲ ಹೇಳುತ್ತಿದ್ದರು.

ದಸರೆಗೆ ಆಂಟಿ ಗೊಂಬೆ ಕೂರಿಸುತ್ತಿದ್ದರು. ಇಲ್ಲಿ ಆಗ ವಸಂತ. ಹೊರಗೆ ಗಾಳಿ ಬೇಲಿಗಳನ್ನು ಅಲ್ಲಾಡಿಸುತ್ತಿರುತ್ತದೆ. ದೇವರ ಮೇಜಿನ ಪಕ್ಕದಿಂದ ಮೆಟ್ಟಿಲು ಕಟ್ಟಿ, ಪಟ್ಟದ ಗೊಂಬೆಗಳನ್ನು ಮೇಲಿಟ್ಟು, ಬೀದಿಯವರನ್ನೆಲ್ಲ ಕರೆಯುವುದು ಅವರ ಪದ್ಧತಿ. ಆ ವರ್ಷ ಪಕ್ಕದ ಮನೆಯವರ ಜೊತೆ ಎರಡು ಬೀದಿ ಆಚೆಯ ಒಬ್ಬ ಅಜ್ಜಿ ಬಂದರು. ಇಲ್ಲೇ ಹುಟ್ಟಿ ಬೆಳೆದ ಬಿಳಿಯ ಹೆಂಗಸು, ಕೈಯಲ್ಲಿ ಊರುಗೋಲು. ಎಲ್ಲರೂ ಗೊಂಬೆ ನೋಡಿದರು, ಕಡಲೆ ಉಸಲಿ ತಿಂದರು. ಆಕೆ ಗೊಂಬೆಗಳತ್ತ ತಿರುಗಲೂ ಇಲ್ಲ. ದೇವರ ಮುಂದೆ ನಿಂತರು, ನಿಂತೇ ಇದ್ದರು. ಆಮೇಲೆ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಕಷ್ಟಪಟ್ಟು ಮಂಡಿಯೂರಿದರು. ತಲೆ ನೆಲದವರೆಗೆ ಬಾಗಿತು.

ಆಂಟಿಗೆ ಕಣ್ಣು ತುಂಬಿ ಬಂತು. "ನೋಡ್ರೀ, ಎಂಥ ಭಕ್ತಿ! ನಮ್ಮ ಮಕ್ಕಳಿಗೆ ಹೇಳಿದರೂ ಬಗ್ಗಲ್ಲ," ಎಂದು ಅಂಕಲ್‌ಗೆ ಪಿಸುಗುಟ್ಟಿದರು. ಅಜ್ಜಿಯ ಹಣೆಗೆ ಹಚ್ಚಲು ಕುಂಕುಮದ ಬಟ್ಟಲನ್ನೂ ಎತ್ತಿಕೊಂಡರು.

ಅಜ್ಜಿ ನಮಸ್ಕಾರ ಮಾಡುತ್ತಿರಲಿಲ್ಲ. ಮೇಜಿನ ಅಡಿಗೆ ಕೈ ತೂರಿಸಿ, ಹಿಂದಿನ ನೇರ ಅಂಚಿನ ಕೆಳಗೆ ಬೆರಳಾಡಿಸುತ್ತಿದ್ದರು. ಅಲ್ಲಿ ಹಿತ್ತಾಳೆ ತೊಡಿಸಿದ ಗೂಡುಗಳಿದ್ದವು. ಅಷ್ಟು ವರ್ಷ ಪೂಜೆ ಮಾಡಿದ ಆಂಟಿ ಅವನ್ನು ನೋಡಿರಲಿಲ್ಲ. ಅಜ್ಜಿ ಮೇಲೆದ್ದಾಗ ಅವರ ಬೆರಳ ತುದಿ ಮಸಿಯಾಗಿತ್ತು. ಇದರ ಇನ್ನರ್ಧ ನನ್ನ ಮನೆಯಲ್ಲಿದೆ ಎಂದರು.

ಅವರು ಹೇಳಿದ್ದು ಇಷ್ಟು. ಅವರ ಮುತ್ತಜ್ಜಿ ಹಡಗಿನಲ್ಲಿ ಇಂಗ್ಲೆಂಡಿನಿಂದ ತಂದ ಊಟದ ಮೇಜು ಅದು. ಎರಡು ಅರ್ಧಗಳು ಸೇರಿದರೆ ಪೂರ್ತಿ ದುಂಡು. ಅಡಿಯಲ್ಲಿ ಎರಡು ಹಿತ್ತಾಳೆ ಕೊಂಡಿ ಹಾಕಿ ಬಿಗಿಯುವುದು. ಮುತ್ತಜ್ಜಿಯ ಹೆಣ್ಣುಮಕ್ಕಳಿಬ್ಬರು ಜಗಳವಾಡಿ ಅರ್ಧರ್ಧ ಒಯ್ದರು. ಜಗಳ ಯಾಕೆ ಎಂದು ಅಜ್ಜಿಗೆ ಗೊತ್ತಿರಲಿಲ್ಲ. ಒಂದರ್ಧ ಅವರ ಮನೆಯಲ್ಲೇ ಉಳಿಯಿತು; ಇನ್ನೊಂದು ಎಲ್ಲೆಲ್ಲೋ ಅಲೆದು, ಯಾರೋ ಸತ್ತ ಮೇಲೆ ಮಾರಾಟಕ್ಕೆ ಬಂದಿರಬೇಕು. ಕೊಂಡಿಗಳು ಮಾತ್ರ ಅವರ ಗುಂಡಿ ಡಬ್ಬಿಯಲ್ಲಿ ಇದ್ದವು. ಮುಂದಿನ ವಾರ ಅವರು ಮನೆ ಖಾಲಿ ಮಾಡಿ ವೃದ್ಧಾಶ್ರಮದ ಒಂದು ಕೋಣೆಗೆ ಹೋಗುವವರಿದ್ದರು. ಸಾಮಾನನ್ನೆಲ್ಲ ವ್ಯಾಪಾರಿಯೊಬ್ಬ ಒಯ್ಯುವವನಿದ್ದ. ಮೇಜು ಕೂಡಿದ್ದನ್ನು ಅವರು ಹುಟ್ಟಿದಾಗಿನಿಂದ ಒಮ್ಮೆಯೂ ನೋಡಿರಲಿಲ್ಲ. ಒಂದೇ ಒಂದು ಸಲ ಕೂಡಿಸಿ, ಅದರ ಮೇಲೆ ಒಂದು ಊಟ ಮಾಡಬಹುದೇ ಎಂದು ಕೇಳಿದರು.

ಆಂಟಿ ನಕ್ಕು ಏನೋ ಹೇಳಿ, ಉಸಲಿಯ ಪೊಟ್ಟಣ ಕೊಟ್ಟು ಕಳಿಸಿದರು. ಬಾಗಿಲು ಹಾಕಿದ ಕೂಡಲೇ ಅವರ ಮುಖ ಬದಲಾಯಿತು.

"ಊಟದ ಮೇಜಂತೆ! ಗೊತ್ತಿದ್ರೆ ನಾನು ಮುಟ್ತಿದ್ನಾ? ಅದರ ಮೇಲೆ ಏನೇನು ಕುಯ್ದು ತಿಂದಿದಾರೋ..."

"ಕುರಿ," ಎಂದರು ಅಂಕಲ್, ಪೇಪರಿನಿಂದ ತಲೆಯೆತ್ತದೆ. "ಈ ದೇಶದಲ್ಲಿ ಇನ್ನೇನು ತಿಂತಾರೆ."

"ನೀವು ಸುಮ್ನಿರಿ."

"ಹಂಗಾರ ದೇವ್ರು ಇಷ್ಟ್ ದಿನ ಊಟದ ಮ್ಯಾಲ ಕುಂತಿದ್ದ ಅಂದಂಗಾತಲ್ರೀ ಆಂಟಿ," ಎಂದೆ ನಾನು.

"ನೀನೊಬ್ಬ ಬಾಕಿ ಇದ್ದೆ. ನಿಮ್ಮ ಗದಗದ ಕಡೆ ಮಡಿ ಮೈಲಿಗೆ ಏನೂ ಇಲ್ವೇನೋ?" ಎಂದು ಸೌಟು ಎತ್ತಿದರು.

ಆದರೆ ಅದು ತಮಾಷೆಯ ವಿಷಯವಾಗಿರಲಿಲ್ಲ. ಆಂಟಿಯ ಲೆಕ್ಕ ಸರಳವಾಗಿತ್ತು. ತಿಳಿಯದೆ ಆದದ್ದು ಆಗಿಹೋಯಿತು. ಅಷ್ಟು ವರ್ಷದ ಪೂಜೆಯಿಂದ ಆ ಮರ ದೇವರದ್ದಾಗಿತ್ತು. ಈಗ ತಿಳಿದೂ ತಿಳಿದೂ ಅದರ ಮೇಲೆ ತಟ್ಟೆ ಇಟ್ಟು ಉಂಡರೆ ಎಂಜಲು. ಆಮೇಲೆ ದೇವರನ್ನು ಮತ್ತೆ ಅಲ್ಲಿ ಕೂರಿಸುವಂತಿಲ್ಲ. ಅವರು ಈ ದೇಶಕ್ಕೆ ಬಂದ ಮೇಲೆ ತಮ್ಮದೆಂದು ಆರಿಸಿಕೊಂಡ ಒಂದೇ ವಸ್ತು ಆ ಮೇಜು. ಉಳಿದದ್ದೆಲ್ಲ ಯಾರೋ ಕೊಟ್ಟದ್ದು, ಇಲ್ಲವೇ ಅಗ್ಗವೆಂದು ತಂದದ್ದು. ಒಂದು ಊಟಕ್ಕೆ ಅದನ್ನು ಕಳೆದುಕೊಳ್ಳಬೇಕಿತ್ತು.

ನಾನು ಸುಮ್ಮನಿರಲಾರದೆ ಲೈಬ್ರರಿಗೆ ಹೋಗಿ ಹಳೆಯ ಪೀಠೋಪಕರಣಗಳ ದಪ್ಪ ಪುಸ್ತಕವೊಂದನ್ನು ತೆಗೆದು ಕೂತೆ. ಎಂಜಿನಿಯರಿಂಗ್ ಓದುತ್ತಿದ್ದವನಿಗೆ ಅದೊಂದು ಬೇರೆ ಲೋಕ. ಹದಿನೆಂಟನೆಯ ಶತಮಾನದ ಅರ್ಧದವರೆಗೂ ಇಂಗ್ಲೆಂಡಿನಲ್ಲಿ ಮೇಜು ಕುರ್ಚಿಗಳ ಕಾಲುಗಳು ಬಾಗಿದ್ದವು. ಪ್ರಾಣಿಯ ತೊಡೆಯಂತೆ ಉಬ್ಬಿ, ಕೆಳಗೆ ಪಂಜದಲ್ಲಿ ಮುಗಿಯುತ್ತಿದ್ದವು. ಆ ಹೊತ್ತಿಗೆ ಇಟಲಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಊರುಗಳನ್ನು ಅಗೆಯತೊಡಗಿದರು. ಗೋಡೆಯ ಚಿತ್ರಗಳು, ಕಂಬಗಳು, ಪಾತ್ರೆಗಳು ಹೊರಬಂದವು. ನೋಡಿ ಬಂದವರು ಚಿತ್ರ ಬರೆದು ಪುಸ್ತಕ ಮಾಡಿದರು. ಆ ಪುಸ್ತಕಗಳು ಇಂಗ್ಲೆಂಡಿನ ಬಡಗಿಗಳ ಕೈ ಸೇರಿದವು. ಕೆಲವೇ ವರ್ಷಗಳಲ್ಲಿ ಮೇಜಿನ ಕಾಲುಗಳು ನೆಟ್ಟಗಾದವು, ದೇವಾಲಯದ ಕಂಬದಂತೆ ನಿಂತವು. ಆ ಬಾಗು ಕಾಲನ್ನು ಬಿಟ್ಟು ಹಲಗೆಯ ಅಂಚಿಗೆ ಹೋಯಿತು: ದುಂಡು, ಅರೆದುಂಡು, ಮೊಟ್ಟೆಯಾಕಾರ. ಮಾಲೆ ಬಂತು, ಎಲೆಸಾಲು ಬಂತು, ನಮ್ಮ ಮೇಜಿನ ಕುಸುರಿಯಲ್ಲಿದ್ದ ಆ ಪಾತ್ರೆ ಬಂತು. ಆಮೇಲೆ ಫ್ರಾನ್ಸಿನಲ್ಲಿ ಚಕ್ರವರ್ತಿಯೊಬ್ಬ ಬಂದ ಕಾಲಕ್ಕೆ ಎಲ್ಲವೂ ದಪ್ಪವಾಗಿ, ಚಿನ್ನದ ನೀರು ಕುಡಿದು, ಸಿಂಹ, ಹದ್ದುಗಳನ್ನು ಹೊತ್ತುಕೊಂಡಿತು. ನಮ್ಮ ಮೇಜು ಅದಕ್ಕಿಂತ ಮೊದಲಿನ, ಮೈಮೇಲೆ ಇನ್ನೂ ಭಾರ ಏರದ ಕಾಲದ್ದು.

ಮಹಾಗನಿ ಬಂದದ್ದು ಕೆರಿಬಿಯನ್ ದ್ವೀಪಗಳಿಂದ. ಒಂದೇ ಹಲಗೆಯಲ್ಲಿ ಮೇಜಿನ ಮೈ ತೆಗೆಯುವಷ್ಟು ಅಗಲದ ಮರಗಳು. ಕಡ್ಡಿಯಷ್ಟು ಸಣ್ಣ ಕಾಲು ಮಾಡಿದರೂ ಭಾರ ಹೊರುವಷ್ಟು ಗಟ್ಟಿ. ಅವನ್ನು ಕಡಿದವರು ಗುಲಾಮರು. ಪುಸ್ತಕದಲ್ಲಿ ಅವರ ಬಗ್ಗೆ ಒಂದೇ ಸಾಲು ಇತ್ತು.

ಓದುತ್ತ ಓದುತ್ತ ನನಗೆ ಒಂಥರಾ ಬೆರಗು ಹಿಡಿಯಿತು. ಆ ಶೈಲಿಯೇ ಒಂದು ನೆನಪು, ಅದೂ ತಾವು ಎಂದೂ ಕಾಣದ ಊರಿನ ನೆನಪು. ರೋಮಿನವರು ಗ್ರೀಸನ್ನು ನೆನೆದರು, ಇಂಗ್ಲೆಂಡಿನವರು ರೋಮನ್ನು ನೆನೆದರು, ಹಡಗಿನಲ್ಲಿ ಬಂದವರು ಇಂಗ್ಲೆಂಡನ್ನು ನೆನೆದರು, ಆಂಟಿ ಅದರಲ್ಲಿ ಮೈಸೂರನ್ನು ಕಂಡರು. ಯಾರ ನೆನಪೂ ಸರಿಯಿರಲಿಲ್ಲ. ಮೇಜು ಮಾತ್ರ ಗಟ್ಟಿಯಾಗಿ ನಿಂತಿತ್ತು. ಇಷ್ಟಕ್ಕೂ ಅದು ಆ ಕಾಲದ್ದೇ, ಅಥವಾ ಆ ಕಾಲದಂತೆ ಆಮೇಲೆ ಯಾರೋ ಮಾಡಿದ್ದೇ ಎಂಬುದು ನನಗೆ ಇವತ್ತಿಗೂ ತಿಳಿಯದು.

ಆ ಪಾತ್ರೆ ಕಲಶವಲ್ಲ, ಸತ್ತವರ ಬೂದಿ ಇಡುವ ಪಾತ್ರೆ ಎಂದು ಪುಸ್ತಕದಲ್ಲಿತ್ತು. ಆಂಟಿಗೆ ಹೇಳಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಬಗ್ಗಿ, ಕುಸುರಿಯ ಆ ಪಾತ್ರೆಯ ಕುತ್ತಿಗೆಯನ್ನು ಉಗುರಿನಿಂದ ಮುಟ್ಟಿದರು.

"ಅಪ್ಪನ್ನ ಶ್ರೀರಂಗಪಟ್ಟಣಕ್ಕೆ ಕರ್ಕೊಂಡು ಹೋದಾಗ ಅಣ್ಣನ ಕೈಯಲ್ಲಿ ಇಂಥದೇ ಇತ್ತು ಕಣೋ. ಕತ್ತು ಹೀಗೇ ಇತ್ತು." ಉಗುರು ತೆಗೆಯದೆ, "ಇದನ್ನ ನೋಡಿದ ತಕ್ಷಣ ಯಾಕೆ ಬೇಕು ಅನ್ನಿಸ್ತೋ ಏನೋ..." ಎಂದರು.

ಅವರು ಹೀಗೆ ಅಂದದ್ದು ನಿಜವೇ? ವಾಕ್ಯ ತೀರಾ ಸರಿಯಾಗಿದೆ. ಜನ ಅಷ್ಟು ಸರಿಯಾಗಿ ಮಾತನಾಡುವುದಿಲ್ಲ. ಉಗುರು ಮುಟ್ಟಿದ್ದು ನಿಜ. ಉಗುರಿನ ಸಂದಿಯಲ್ಲಿ ಅರಿಶಿನ ಇತ್ತು.

ಅವರ ಮನಸ್ಸು ತಿರುಗಿದ್ದು ಅದರಿಂದಲೂ ಅಲ್ಲ. ನವಮಿಯ ದಿನ ಅಜ್ಜಿಗೆ ಪ್ರಸಾದ ಕೊಟ್ಟು ಬರಲು ಒಬ್ಬರೇ ಹೋದರು. ಬಂದವರು ಚಪ್ಪಲಿ ಬಿಟ್ಟು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ನಾನು ಟೀ ಕುಡಿಯುತ್ತಿದ್ದೆ.

"ಆ ಅಜ್ಜಿ ಗೋಡೆ ನೋಡ್ಕೊಂಡು ಊಟ ಮಾಡ್ತಾಳೆ ಕಣೋ," ಎಂದರು.

ಅರ್ಧ ಮೇಜು, ನೇರ ಅಂಚು ಗೋಡೆಗೆ. ದುಂಡು ಅಂಚಿಗೆ ಕುರ್ಚಿ. ಅವರ ಅಜ್ಜಿ, ಅಮ್ಮ, ಅವರು, ಮೂರು ತಲೆಮಾರು ಹಾಗೆಯೇ ಅರೆದುಂಡಾಗಿ ಕೂತು ಗೋಡೆಯ ಕಡೆಗೆ ಮುಖ ಮಾಡಿ ಉಂಡಿದ್ದರು. ಎಲ್ಲರೂ ತೀರಿಹೋಗಿ ಈಗ ಒಂದೇ ಕುರ್ಚಿ ಉಳಿದಿತ್ತು. ಆ ಮೇಜಿನಲ್ಲಿ ಅಜ್ಜಿಯ ಎದುರಿಗೆ ಯಾರೂ ಎಂದೂ ಕೂತಿರಲಿಲ್ಲ. ಕೂರಲು ಜಾಗವೇ ಇರಲಿಲ್ಲ.

"ನಾನೂ ದಿನಾ ಗೋಡೆ ಕಡೆಗೇ ತಾನೇ ಕೈ ಮುಗಿಯೋದು," ಎಂದು ಎದ್ದು, ಅಂಕಲ್‌ರನ್ನು ಕೂಗಿದರು. "ರೀ, ಟ್ರೈಲರ್ ಯಾರ ಹತ್ರ ಸಿಗುತ್ತೆ ನೋಡಿ. ದಶಮಿ ಕಳೆದ ಮೇಲೆ ಅಜ್ಜಿ ಮೇಜು ತರಬೇಕು."

ದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದರು. ಮರುದಿನ ಬೆಳಗ್ಗೆ ಸ್ನಾನ ಮಾಡಿ, ದೇವರುಗಳನ್ನು ಒಂದೊಂದಾಗಿ ತಟ್ಟೆಯಲ್ಲಿಟ್ಟು ಹೊತ್ತು, ಹಜಾರದ ಹಾಟ್ ವಾಟರ್ ಕಬೋರ್ಡಿನ ಮೇಲಿನ ಶೆಲ್ಫಿಗೆ ಕೊಂಡೊಯ್ದರು. ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಹಂಡೆ ಇರುವ ಬೀರು ಅದು. ಆಂಟಿ ಅದರಲ್ಲೇ ದೋಸೆ ಹಿಟ್ಟು ಹುದುಗಿಸುತ್ತಿದ್ದರು. "ಚಳಿಗಾಲಕ್ಕೆ ಒಳ್ಳೇ ಜಾಗ. ನನಗೂ ಒಂದು ಶೆಲ್ಫ್ ಕೊಡು," ಎಂದರು ಅಂಕಲ್. ಆಂಟಿ ನಗಲಿಲ್ಲ. ತುಪ್ಪದ ದೀಪವನ್ನು ಹೂವಿನಿಂದ ಆರಿಸಿದರು. ಆ ವಾಸನೆಯೇ ನನ್ನ ಮೂಗಿನಲ್ಲಿ ಉಳಿದಿದೆಯೆಂದು ಕಾಣುತ್ತದೆ.

ಕಾರಿನ ಹಿಂದೆ ಕಟ್ಟಿದ ಟ್ರೈಲರಿನಲ್ಲಿ ಕಂಬಳಿ ಸುತ್ತಿಕೊಂಡು ಇನ್ನರ್ಧ ಬಂತು. ಮುಂದಿನ ಸೀಟಿನಲ್ಲಿ ಅಜ್ಜಿ, ಮಡಿಲಲ್ಲಿ ಗುಂಡಿ ಡಬ್ಬಿ. ನಾನು, ಅಂಕಲ್ ಸೇರಿ ಹಾಲಿನ ನಡುವೆ ಎರಡನ್ನೂ ಎದುರುಬದುರು ನಿಲ್ಲಿಸಿದೆವು. ಒಂದೇ ಮರದ್ದೆಂದು ಯಾರೂ ಹೇಳುವಂತಿರಲಿಲ್ಲ. ಅಜ್ಜಿಯದು ಕಿಟಕಿಯ ಬಿಸಿಲಿಗೆ ಬಿಳಿಚಿ ಜೇನಿನ ಬಣ್ಣಕ್ಕೆ ತಿರುಗಿತ್ತು. ನಮ್ಮದು ದೀಪದ ಹೊಗೆ, ಎಣ್ಣೆ ಕುಡಿದು ಹೆಚ್ಚುಕಡಿಮೆ ಕಪ್ಪಾಗಿತ್ತು. ಪೂಜೆಯ ಕಲಶ ಕೂತಿದ್ದ ಕಡೆ ನೀರು ಸೋರಿ ಬಿಳಿಯ ಬಳೆಯಂಥ ಕಲೆ. ಮೇಲಿನ ಪಾಲಿಶ್ ಅರಗಿನದು, ನೀರು ಬಿದ್ದರೆ ಬಿಳಿಚಿಕೊಳ್ಳುತ್ತದೆ, ದಯವಿಟ್ಟು ಒದ್ದೆ ಮಾಡಬೇಡಿ ಎಂದು ಅಜ್ಜಿ ಸಂಕೋಚದಿಂದ ಹೇಳಿದರು.

ತಳ್ಳಿದೆವು. ಒಂದು ಬೆರಳಿನಷ್ಟು ಸಂದಿ, ಆಮೇಲೆ ಒಂದು ಎಳೆಯಷ್ಟು, ಆಮೇಲೆ ಇಲ್ಲ. ಅಜ್ಜಿ ಕೊಂಡಿಗಳನ್ನು ನನ್ನ ಕೈಗೆ ಕೊಟ್ಟರು. ನಾನು ಅಡಿಯಲ್ಲಿ ಮಲಗಿ ಒಂದೊಂದೇ ಕೊಂಡಿಯನ್ನು ಎರಡೂ ಕಡೆಯ ಗೂಡುಗಳಿಗೆ ಒತ್ತಿದೆ. ಅವು ಒಂದಿಷ್ಟೂ ತಡೆಯದೆ ಒಳಗೆ ಹೋದವು, ನಿನ್ನೆಯಷ್ಟೇ ತೆಗೆದಿಟ್ಟವುಗಳಂತೆ.

ಹೊರಗೆ ತೆವಳಿ ಬಂದೆ. ಎದ್ದು ನಿಂತು ನೋಡಿದೆ. ಮರದ ಮೈಯ ಗೆರೆಗಳು, ನೀರಿನಲ್ಲಿ ಕಲ್ಲು ಬಿದ್ದಾಗ ಏಳುವ ಅಲೆಗಳಂತೆ, ಕಪ್ಪು ಅರ್ಧದಲ್ಲಿ ಹುಟ್ಟಿ, ಕೂಡಿದ ಗೆರೆಯನ್ನು ದಾಟಿ, ಜೇನು ಬಣ್ಣದ ಅರ್ಧದಲ್ಲಿ ಮುಂದುವರಿದು, ಸುತ್ತಿ ಮತ್ತೆ ಕತ್ತಲೆಗೆ ಮರಳುತ್ತಿದ್ದವು. ಒಂದು ಗೆರೆಯೂ ತಪ್ಪಿರಲಿಲ್ಲ. ಯಾವುದೋ ದ್ವೀಪದಲ್ಲಿ, ಯಾರದೋ ಕೊಡಲಿಗೆ ಬಿದ್ದ ಒಂದು ಮರ. ಅದರ ಮೇಲೆ ಹೆಂಗಸರಿಬ್ಬರು ಜಗಳವಾಡಿದರು, ಅದರ ಮೇಲೆ ದೇವರು ಕೂತರು, ಅದಕ್ಕೆ ಇದ್ಯಾವುದೂ ತಾಕಿರಲಿಲ್ಲ... ನನಗೆ ಮೈ ಜುಮ್ಮೆಂದಿತು. ಆಮೇಲೆ ದೊಡ್ಡ ಸೇತುವೆಗಳನ್ನು ನೋಡಿದ್ದೇನೆ, ಅವುಗಳ ಕೆಲಸವನ್ನೂ ಮಾಡಿದ್ದೇನೆ. ಹಾಗೆ ಆದದ್ದಿಲ್ಲ.

"ಅಯ್ಯೋ ದೇವ್ರೇ," ಎಂದರು ಆಂಟಿ, ಬಹಳ ಮೆಲ್ಲಗೆ.

ಪೇಪರಿನ ಮಡಿಕೆಗಳ ಮೇಲೆ ಪಾತ್ರೆ ಇಟ್ಟು ಬಡಿಸಿದರು. ಕೋಸಂಬರಿ, ಚಿತ್ರಾನ್ನ, ಆರಿಸಿದ ಸಾರು, ಹೋಳಿಗೆ. ಅಜ್ಜಿ ತಮ್ಮ ಅರ್ಧದ ನಡುವೆ ಕೂತರು, ಆಂಟಿ ತಮ್ಮ ಅರ್ಧದ ನಡುವೆ. ನಾನು, ಅಂಕಲ್ ಬದಿಗಳಲ್ಲಿ. ಅಜ್ಜಿ ತಲೆಯೆತ್ತಿದಾಗ ಗೋಡೆ ಇರಬೇಕಾದ ಕಡೆ ಆಂಟಿಯ ಮುಖ ಇತ್ತು. ಆಕೆ ಚಮಚ ಹಿಡಿದುಕೊಂಡೇ ನೋಡುತ್ತ ಕೂತರು. ಆಂಟಿಗೆ ನಾಚಿಕೆಯಾಯಿತು. "ವಾಟ್? ಈಟ್, ಈಟ್. ಹೋಳಿಗೆ ತಣ್ಣಗಾಗುತ್ತೆ," ಎಂದು ಎರಡು ಭಾಷೆಯಲ್ಲಿ ಗದರಿದರು. ಅಜ್ಜಿ ನಕ್ಕರು. ಆಮೇಲೆ ಅತ್ತರೋ... ನಾನು ಅತ್ತರೆಂದು ಬರೆದು ಹೊಡೆದುಹಾಕಿದ್ದೇನೆ. ನನಗೆ ಕಂಡದ್ದು ನಗು ಮಾತ್ರ.

ಊಟ ಮುಗಿಯಿತು. ಆಂಟಿ ಎದ್ದು ತಟ್ಟೆಗಳನ್ನೆತ್ತಿ, ಅಭ್ಯಾಸದಂತೆ ಒದ್ದೆ ಬಟ್ಟೆ ಹಿಂಡಿಕೊಂಡು ಬಂದರು. ಉಂಡ ಜಾಗವನ್ನು ನೀರಿನಿಂದ ಒರೆಸದೆ ಬಿಡುವುದು ಅವರ ಮನೆಯಲ್ಲಿ ಇಲ್ಲ. ಅವರು ಹೋಟೆಲಿನಲ್ಲಿ ತಿಂದರೂ ಕರ್ಚೀಫನ್ನು ಒದ್ದೆ ಮಾಡಿ ಟೇಬಲ್ ಒರೆಸಿ ಎದ್ದೇಳುವವರು. ಬಟ್ಟೆ ಹಿಡಿದ ಕೈ ಮೇಜಿನ ಮೇಲೆ ಬಂತು. ಅಲ್ಲೇ ನಿಂತಿತು. ಒಂದು ಹನಿ ಬಟ್ಟೆಯ ತುದಿಯಲ್ಲಿ ತೂಗುತ್ತಿತ್ತು. ಒರೆಸಿದರೆ ಮೇಜು ಶುದ್ಧ, ಬಹುಶಃ ದೇವರಿಗೆ ಮತ್ತೆ ಜಾಗ. ಒರೆಸಿದರೆ ಆ ಗೆರೆಗಳ ಮೇಲೆಲ್ಲ ಬಿಳಿ.

ಆಂಟಿ ಇನ್ನೊಂದು ಅಂಗೈಯನ್ನು ಹನಿಯ ಕೆಳಗೆ ಒಡ್ಡಿ ಹಿಡಿದುಕೊಂಡು ಹಿಂದೆ ಸರಿದರು. ಬಟ್ಟೆಯನ್ನು ಸಿಂಕಿನಲ್ಲಿಟ್ಟು, ಕೈ ಒರೆಸಿಕೊಂಡು ಬಂದು, ಒಣ ಸೆರಗಿನಿಂದ ಮೇಜನ್ನು ಒರೆಸಿದರು. ನಿಧಾನವಾಗಿ, ಗೆರೆಗಳು ಹೋದ ದಿಕ್ಕಿನಲ್ಲೇ.

"ಇರಲಿ ಬಿಡು," ಎಂದರು, ಯಾರಿಗೆ ಎಂದು ಗೊತ್ತಾಗಲಿಲ್ಲ.

ಆ ಮನೆಯಲ್ಲಿ ದೇವರು ಮತ್ತೆ ಆ ಮೇಜಿಗೆ ಬರಲಿಲ್ಲ. ಅಜ್ಜಿ ತಮ್ಮ ಅರ್ಧವನ್ನು ವ್ಯಾಪಾರಿಗೆ ಕೊಡಲಿಲ್ಲ; ಅಲ್ಲೇ ಬಿಟ್ಟು ಹೋದರು. ಹಾಲಿನಲ್ಲಿ ಸೋಫಾ ತೆಗೆಯಬೇಕಾಯಿತು. "ನಾವಿನ್ನು ಮೇಜಿನ ಕೆಳಗೆ ಮಲಗೋಣ," ಎನ್ನುತ್ತಿದ್ದರು ಅಂಕಲ್. ನಾನು ಓದು ಮುಗಿಸಿ ಆಕ್ಲೆಂಡಿಗೆ ಹೋಗುವವರೆಗೂ, ಭಾನುವಾರಗಳಂದು ಆಂಟಿ ಆಶ್ರಮದಿಂದ ಅಜ್ಜಿಯನ್ನು ಕರೆತಂದು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಒಬ್ಬರಿಗೆ ಕನ್ನಡ ಬರುತ್ತಿರಲಿಲ್ಲ, ಇನ್ನೊಬ್ಬರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಕಿಟಕಿಯಿಂದ ನೋಡಿದರೆ ಇಬ್ಬರ ಕೈಗಳೂ ಆಡುತ್ತಿರುತ್ತಿದ್ದವು.

ಅಜ್ಜಿ ಹೋದರು, ಅಂಕಲ್ ಹೋದರು. ಆಂಟಿ ಹೋದಾಗ ನಾನು ತಡವಾಗಿ ತಲುಪಿದೆ. ಮಕ್ಕಳು ಮನೆ ಖಾಲಿ ಮಾಡುತ್ತಿದ್ದರು. ಒಳ್ಳೆಯ ಮಕ್ಕಳು, ಒಂದು ಮಾತೂ ಜಗಳವಿಲ್ಲ. ಈ ಮೇಜು ಎರಡಾಗುತ್ತದೆ, ಎಷ್ಟು ಅನುಕೂಲ ಎಂದು ಒಂದರ್ಧ ಮಗಳು ಆಕ್ಲೆಂಡಿನ ಉತ್ತರ ತುದಿಯ ಆಲ್ಬನಿಗೆ ಒಯ್ದಳು, ಇನ್ನೊಂದನ್ನು ಮಗ ದಕ್ಷಿಣ ತುದಿಯ ತಕಾನಿನಿಗೆ. ಅಡಿಯಿಂದ ಕಳಚಿದ ಹಿತ್ತಾಳೆ ತುಂಡುಗಳು ಯಾತಕ್ಕೆಂದು ತಿಳಿಯದೆ, ನಿನಗೆ ಬೇಕಾ ಅಣ್ಣಾ ಎಂದು ನನ್ನ ಕೈಗೆ ಹಾಕಿದಳು. ನಾನು ಅವರಿಗೆ ಎಲ್ಲವನ್ನೂ ಹೇಳಿದೆನೇ? ಹೇಳಿದೆನೆಂದು ನೆನಪು. ಆ ಗಡಿಬಿಡಿಯಲ್ಲಿ ಯಾರು ಕೇಳಿಸಿಕೊಂಡರೋ.

ಕೊಂಡಿ ಸಿಕ್ಕ ಮರುದಿನ ತಕಾನಿನಿಗೆ ಹೋದೆ. ಹೊಸ ಮನೆ, ಇನ್ನೂ ಬಣ್ಣದ ವಾಸನೆ. ಮುಂಬಾಗಿಲ ಪಕ್ಕದ ಗೋಡೆಗೆ ಆ ಕಪ್ಪು ಅರ್ಧ ಒರಗಿ ನಿಂತಿತ್ತು; ಮೇಲೆ ಕಾರಿನ ಕೀಲಿ, ಸನ್‌ಸ್ಕ್ರೀನ್, ಮಗುವಿನ ಟೋಪಿ. ಕಲಶದ ಬಿಳಿ ಬಳೆ ಹಾಗೇ ಇತ್ತು. ಮಗನ ಅನುಮತಿ ಕೇಳಿ ಮೇಜನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಎಳೆದು, ಮಂಡಿಯೂರಿ, ತಲೆ ಬಗ್ಗಿಸಿ, ಅಡಿಗೆ ಕೈ ತೂರಿಸಿದೆ. ಹಿಂದೆ ಅವನ ಮಗಳು ಅಪ್ಪನನ್ನು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ಈ ಅಂಕಲ್ ಪ್ರಾರ್ಥನೆ ಮಾಡ್ತಿದಾರಾ ಎಂದು. ಇಷ್ಟು ಅಚ್ಚುಕಟ್ಟಾಗಿ ಹೊಂದುವ ಮಾತು ಬರೆಯಲು ನನಗೇ ಸಂಕೋಚ. ಆದರೆ ಅವಳು ಕೇಳಿದಳು.

ಗೂಡು ಸಿಕ್ಕಿತು. ಅಂಚಿನಲ್ಲಿ ಗಟ್ಟಿಯಾದ ಕುಂಕುಮ ಉಗುರಿಗೆ ಹತ್ತಿತು. ಕೊಂಡಿಯ ಒಂದು ಕಾಲನ್ನು ಒತ್ತಿದೆ. ಒಳಗೆ ಹೋಗಿ ಕೂತಿತು. ಇನ್ನೊಂದು ಕಾಲು ಹೊರಗೆ, ಗೋಡೆಯ ಕಡೆಗೆ ಚಾಚಿಕೊಂಡು ನಿಂತಿತು. ಮೇಜನ್ನು ಹಿಂದಕ್ಕೆ ತಳ್ಳಿದರೆ ಅದು ಗೋಡೆಗೆ ತಾಗಿ, ಬೆರಳಷ್ಟು ಅಗಲದ ಸಂದಿ ಉಳಿಯಿತು. ತೆಗೆಯಲು ಮನಸ್ಸಾಗಲಿಲ್ಲ. ಹಾಗೆಯೇ ಬಿಟ್ಟು ಬಂದೆ.